ತೋಟದ ಏರಿಗೆ ಯಾವ ಎಟಿವಿ?

ಯಮಹಾ ರ‍್ಯಾಪ್ಟರ್ 700ಆರ್ ಎಟಿವಿ (ಕಚ್ಚಾ ದಾರಿಗೆಂದೇ ಮಾಡಿದ, ಬೈಕ್‌ನಂತೆ ಕೂತು ಓಡಿಸುವ ನಾಲ್ಕು ಚಕ್ರದ ಗಾಡಿ) ಓಡಿಸೋಕೆ ಸಖತ್ ಮಜಾ, ಅದರಲ್ಲಿ ಎರಡು ಮಾತಿಲ್ಲ. 686 ಸಿಸಿ ಎಂಜಿನ್, ತೂಕ ಸುಮಾರು 190 ಕೆಜಿ. ಆದರೆ ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ. ಬೇಸಿಗೆಯ ಒಣ ಮಣ್ಣಿಗೆ ಇದು ಸಾಕು. ಮಳೆ ಹಿಡಿದ ಮೇಲೆ ಮೂಡಿಗೆರೆ, ಸಕಲೇಶಪುರ ಕಡೆಯ ಏರು ಹೇಗಿರುತ್ತದೆ ಅಂತ ಗೊತ್ತಲ್ವಾ? ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ, ಮುಂಭಾಗ ಹಗುರ ಬೇರೆ, ಕಡಿದಾದ ಕಡೆ ಒಮ್ಮೆಲೇ ಆಕ್ಸಿಲರೇಟರ್ ಕೊಟ್ಟರೆ ಗಾಡಿ ಎದ್ದು ಹಿಂದಕ್ಕೆ ಮಗುಚಬಹುದು, ಹಾಗಾಗಿ ಮೈಯನ್ನು ಪೂರ್ತಿ ಮುಂದಕ್ಕೆ ಬಾಗಿಸಿಯೇ ಹತ್ತಬೇಕು.

ನಮ್ಮ ಏರಿಗೆ ನನ್ನ ವೋಟು ಪೋಲಾರಿಸ್ ಸ್ಪೋರ್ಟ್ಸ್‌ಮನ್ 570ಕ್ಕೆ. 44 ಎಚ್‌ಪಿ. ಕ್ಲಚ್ ಗೋಜಿಲ್ಲ, ನಿಧಾನವಾಗಿ ಜೋರಾಗಿ ಎಳೆಯೋಕೆ ಲೋ ಗೇರ್ ಇದೆ, ಚಕ್ರ ಜಾರಿದರೆ ಮುಂದಿನ ಎರಡೂ ಎಳೆಯುತ್ತವೆ. ಹಿಂದಿನ ರ‍್ಯಾಕ್ ಮೇಲೆ ಒಂದು ಮೂಟೆ ಗೊಬ್ಬರವೂ ಹೋಗುತ್ತದೆ (ಮನೆಯವರನ್ನು ಒಪ್ಪಿಸೋಕೆ ಇದೇ ಒಳ್ಳೆ ನೆಪ). ತೂಕ ಮಾತ್ರ ಜಾಸ್ತಿ, 300 ಕೆಜಿ ದಾಟುತ್ತದೆ. ಕೆಸರಲ್ಲಿ ಹೂತರೆ ಒಬ್ಬರ ಕೈಲಿ ಆಗೋದಲ್ಲ, ವಿಂಚ್ (ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಯಂತ್ರ) ಹಾಕಿಸಿಕೊಳ್ಳಿ.

ಯಾವುದೇ ಆದರೂ ನೋಂದಣಿ ಇಲ್ಲದ ಗಾಡಿಯನ್ನು ಮುಳ್ಳಯ್ಯನಗಿರಿ ರಸ್ತೆಗೆ ಇಳಿಸುವಂತಿಲ್ಲ. ಸ್ವಂತ ತೋಟ ಇಲ್ಲದಿದ್ದರೆ ಬಾಡಿಗೆ ಟ್ರ್ಯಾಕ್‌ನಲ್ಲಿ ಓಡಿಸಿ, ದುಡ್ಡು ಉಳಿಯುತ್ತದೆ.