ಮಾಸ್ಕ್ ಕೇಳಿದ್ರೆ ‘ಬೇಡ, ಮನೀಗೆ ಹೋಗು’ ಅನ್ನೋ ಮೆಡಿಕಲ್ ಶಾಪು (5ಕ್ಕೆ 4 ಸ್ಟಾರ್)

ದಾವಣಗೆರೆ ನಿಟುವಳ್ಳಿ ಕಡೆ ಇರೋ ಈ ಮೆಡಿಕಲ್ ಬಗ್ಗೆ ಬರೀಬೇಕು ಅಂತ 2020ರಿಂದ ಅಂದ್ಕೊಳ್ತಾನೇ ಇದೀನಿ, ಆಗಿರ್ಲಿಲ್ಲ. 2025ರ ಜನವರಿ ಎಚ್‌ಎಂಪಿವಿ (ನೆಗಡಿ ಕೆಮ್ಮು ತರೋ ಒಂದು ವೈರಸ್ಸು) ಗಲಾಟೇಲಿ ಮತ್ತೆ ಅಲ್ಲಿಗೇ ಓಡಿ, ಮತ್ತೆ ಬೈಸ್ಕೊಂಡು, ಬರಿಗೈಲಿ ಅಲ್ಲದಿದ್ರೂ ಹೆಚ್ಚುಕಮ್ಮಿ ಬರಿಗೈಲೇ ವಾಪಸ್ ಬಂದ್ಮೇಲೆ ಇವತ್ತು ಬರ್ದೇಬಿಡೋಣ ಅಂತ ಕೂತಿದೀನಿ. ಮೊದ್ಲೇ ಹೇಳ್ಬಿಡ್ತೀನಿ, ನಗ್ತಾ ನಗ್ತಾ ಮಾತಾಡ್ಸೋ ಅಂಗಡಿ ಬೇಕು ಅನ್ನೋರಿಗೆ ಇದಲ್ಲ.

ಅಂಗಡಿ ಸಣ್ಣದು. ಇಬ್ರು ನಿಂತ್ರೆ ಮೂರನೆಯವ್ರು ಮೆಟ್ಲ ಮೇಲೆ. ಯಜಮಾನ್ರು ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಪೇಪರ್ ಓದ್ತಿರ್ತಾರೆ, ನೀವು ಚೀಟಿ ಕೊಟ್ಟಾಗ ಕನ್ನಡಕ ಕೆಳಗೆ ಬರುತ್ತೆ, ಚೀಟಿ ಇಲ್ಲಾಂದ್ರೆ ಅದು ಅಲ್ಲೇ ಇರುತ್ತೆ, ಅಷ್ಟರಲ್ಲೇ ತಿಳ್ಕೋಬೇಕು ನಾವು. ಬಿಲ್ಲು ಅವ್ರ ಮನೆಯವ್ರು ಬರೀತಾರೆ, ಕೈಬರಹ ಡಾಕ್ಟ್ರುದಕ್ಕಿಂತ ಚೆನ್ನಾಗೈತೆ.

2020ರ ಕಥೆ ಹೇಳ್ಬೇಕು. ಮಾರ್ಚ್ 9ಕ್ಕೆ ಬೆಂಗ್ಳೂರಲ್ಲಿ ರಾಜ್ಯದ ಮೊದಲ್ನೇ ಕೇಸು ಅಂತ ಬಂತು, ಬೆಂಗ್ಳೂರು ತಾನೆ ಅಂತ ಸುಮ್ನಿದ್ವಿ. 12ನೇ ತಾರೀಕು ಕಲಬುರಗಿ ಅಜ್ಜಾರು ತೀರ್ಕೊಂಡಿದ್ದು ಕೊರೊನಾದಿಂದ್ಲೇ, ದೇಶಕ್ಕೇ ಮೊದಲ್ನೇ ಸಾವು ಅಂತ ಟಿವಿಲಿ ಹೇಳಿದ್ರು ನೋಡ್ರಿ, ಮಾರನೇ ದಿನ ಊರಲ್ಲಿ ಮಾಸ್ಕ್ ಅನ್ನೋ ಪದಾರ್ಥಾನೇ ಇಲ್ಲ. ನಮ್ ಜಿಲ್ಲೇಲಿ ಆವತ್ತಿಗೆ ಒಂದು ಕೇಸೂ ಇರ್ಲಿಲ್ಲ, ಆದ್ರೆ ನಮ್ಮತ್ತೆಗೆ ಶುಗರ್ರು, ಬಿಪಿ ಎರಡೂ ಇತ್ತು, ವಯಸ್ಸಾದೋರಿಗೇ ಜಾಸ್ತಿ ಅಂತ ಟಿವಿಯೋರು ದಿನಕ್ಕೆ ನೂರು ಸಲ ಹೇಳೋರು, ನಂಗೆ ರಾತ್ರಿ ನಿದ್ದೆ ಇಲ್ಲ. ಪೇಟೇಲಿ ಒಂದು ಕಡೆ ತೆಳ್ಳಗಿನ ನೀಲಿ ಮಾಸ್ಕು ಒಂದಕ್ಕೆ 40 ರೂಪಾಯಿ ಅಂದ. ಬಿಡಿ, ಆ ಅಂಗಡಿ ಹೆಸರು ಹೇಳಲ್ಲ. ಹತ್ತು ತಗೊಂಡೆ, ಮನೀಗೆ ಬಂದು ನೋಡಿದ್ರೆ ಎರಡ್ರದ್ದು ಕಿವಿ ದಾರಾನೇ ಕಿತ್ತು ಬಂತು.

ಆಮೇಲೆ ಈ ಯಜಮಾನ್ರ ಹತ್ರ ಹೋಗಿ ‘ಅಣ್ಣಾ, ಎನ್ 95 ಐತಾ, ಒಂದಿಪ್ಪತ್ತು ಬೇಕಿತ್ತು’ ಅಂದೆ. ಕನ್ನಡಕ ಹಣೆ ಮೇಲೇ ಇತ್ತು. ‘ಯಾರಿಗವ್ವಾ, ಆಸ್ಪತ್ರೇಲಿ ಕೆಲ್ಸ ಮಾಡ್ತೀಯಾ?’ ಇಲ್ಲ ಅಂದೆ. ‘ಮನ್ಯಾಗೆ ಯಾರಾದ್ರೂ ಕೆಮ್ತಾರಾ?’ ಇಲ್ಲ. ‘ಮತ್ತೆ ಇಪ್ಪತ್ತು ಯಾಕೆ, ಮಾಲೆ ಕಟ್ತೀಯಾ?’ ಹಿಂದೆ ನಿಂತಿದ್ದೋನು ಕಿಸಕ್ಕಂತ ನಕ್ಕ, ನಂಗೆ ಮೈಯೆಲ್ಲಾ ಉರಿದ್ಹೋಯ್ತು. ಸೋಪು ತಗೊಂಡು ಹೋಗು ಅಂದ್ರು. ಈ ವೈರಸ್ಸಿಗೆ ಮೇಲೊಂದು ಎಣ್ಣೆಜಿಡ್ಡಿನ ಹೊದಿಕೆ ಐತೆ, ಸೋಪ್ ಬಿದ್ರೆ ಅದು ಒಡೆದು ಹೋಗುತ್ತೆ, ಬಾಣ್ಲಿ ಜಿಡ್ಡು ಹೋದಂಗೆ, 20 ಸೆಕೆಂಡು ಉಜ್ಜು, ಬೆರಳ ಸಂದಿ ಬಿಡಬೇಡ ಅಂತ ಕೈ ತೋರ್ಸಿ ಹೇಳಿದ್ರು. ಸ್ಯಾನಿಟೈಜರ್ ಬೇಕೇ ಬೇಕು ಅಂತ ನಾನು ಹಟ ಹಿಡಿದಾಗ ಒಂದು ಬಾಟ್ಲಿ ಇಟ್ಟು, ಲೇಬಲ್ ಮೇಲೆ ಬೆರಳಿಟ್ಟು, ಆಲ್ಕೋಹಾಲ್ 60 ಪರ್ಸೆಂಟಿಗಿಂತ ಕಮ್ಮಿ ಇದ್ರೆ ಅದು ಬರೀ ವಾಸ್ನೆ ನೀರು, ಮತ್ತೆ ಇದನ್ನ ಹಚ್ಕೊಂಡು ಒದ್ದೆ ಕೈಲಿ ದೀಪ ಹಚ್ಚೋಕೆ ಹೋಗ್ಬೇಡ, ಬೆಂಕಿ ಹತ್ಕೊಳ್ಳುತ್ತೆ ಅಂದ್ರು. ನಮ್ಮತ್ತೆ ದಿನಾ ಕೈಗೆ ಹಚ್ಕೊಂಡು ನೇರ ದೇವ್ರ ಕೋಣೆಗೇ ಹೋಗೋರು, ಪಕ್ಕದ್ಮನೆಯೋರು ಕೊಟ್ಟ ಬಾಟ್ಲಿ ಇತ್ತು ಆಗ್ಲೇ. ಆ ಒಂದು ಮಾತಿಗೇ ಬೈಸ್ಕೊಂಡಿದ್ದೆಲ್ಲಾ ಮಾಫಿ.

ಎರಡೇ ಮಾಸ್ಕ್ ಕೊಟ್ರು, ಅದೂ ಎನ್ 95 ಅಲ್ಲ, ಮೂರು ಪದರದ್ದು. ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗೋದಿದ್ರೆ ಹಾಕು, ಇಲ್ಲಾಂದ್ರೆ ಎತ್ತಿಡು ಅಂತ. ಒಂದು ವಾರ ಆದ್ಮೇಲೆ, 21ನೇ ತಾರೀಕು, ಸರ್ಕಾರ ರೇಟು ಕಟ್ತು, ಮೂರು ಪದರದ ಮಾಸ್ಕ್ 10 ರೂಪಾಯಿ, ಸ್ಯಾನಿಟೈಜರ್ 200 ಎಂಎಲ್‌ಗೆ 100. ಇವ್ರು ಅದನ್ನ ಪೇಪರಿಂದ ಕತ್ತರ್ಸಿ ಗಾಜಿಗೆ ಅಂಟಿಸಿದ್ರು. ನಾನು 40ಕ್ಕೆ ತಗೊಂಡಿದ್ದು ಅವ್ರಿಗೆ ಹೇಳ್ಲೇ ಇಲ್ಲ, ಮತ್ತೆ ಬೈಸ್ಕೊಳ್ಳೋರು ಯಾರು.

ಆ ದಿನಗಳಲ್ಲಿ ನಮ್ಮನೇಲಿ ನಡೆದಿದ್ದು ನೆನೆಸ್ಕೊಂಡ್ರೆ ಈಗ ನಗು ಬರುತ್ತೆ. ಹಾಲಿನ ಪಾಕೀಟಿಗೆ ಸೋಪು, ಪೇಪರ್ ಬಂದ್, ಚಿಲ್ಲರೆ ಕಾಸೆಲ್ಲಾ ಡೆಟಾಲ್ ನೀರಿನ ಡಬರೀಲಿ. ಟೊಮೇಟೊಗೂ ಬಟ್ಟೆ ಸೋಪ್ ಹಾಕೋಕೆ ಹೋಗಿದ್ದೆ, ಸೋಪು ಹೊಟ್ಟೆಗೆ ಹೋದ್ರೆ ಬೇಧಿ ಆಗುತ್ತೆ, ಬರೀ ನೀರಲ್ಲಿ ತೊಳಿ ಅಂತ ಈ ಯಜಮಾನ್ರೇ ತಪ್ಪಿಸಿದ್ದು. ಅದ್ರ ಮೇಲೆ ಹರಿಹರದ ಹತ್ರ ಬನ್ನಿಕೋಡಲ್ಲಿ ಕೋಳಿಜ್ವರ ಬೇರೆ ಅದೇ ತಿಂಗ್ಳೇ ಬಂತು, ಎರಡೂ ಒಂದೇ ರೋಗ ಅಂತ ತಿಳ್ಕೊಂಡು ನಮ್ಮನೆಯವ್ರು ಮೊಟ್ಟೆನೂ ಬಿಟ್ರು. ಜನತಾ ಕರ್ಫ್ಯೂ ಹಿಂದಿನ ದಿನ ವಾಟ್ಸಾಪಲ್ಲಿ ಒಂದು ಬಂದಿತ್ತು, ವೈರಸ್ಸು 12 ತಾಸು ಬದುಕೋದು, ನಾವು 14 ತಾಸು ಒಳಗಿದ್ರೆ ಅದು ಸತ್ತೇ ಹೋಗುತ್ತೆ ಅಂತ. ಅದನ್ನ ಅವ್ರಿಗೆ ತೋರಿಸ್ದೆ. ‘ಹಂಗಾದ್ರೆ ಸೋಮ್ವಾರ ಅಂಗಡಿ ಮುಚ್ಚಿ ನಾನು ತೋಟಕ್ಕೆ ಹೋಗ್ತೀನಿ ಬಿಡು’ ಅಂದ್ರು, ಅಷ್ಟೇ.

ಈ ಅಂಗಡಿಗೆ ನಾಲ್ಕು ಸ್ಟಾರ್ ಕೊಡೋದು ಮುಖ್ಯವಾಗಿ ಒಂದು ಕಾರಣಕ್ಕೆ. ಆ ಮಲೇರಿಯಾ ಮಾತ್ರೆ, ಹೈಡ್ರಾಕ್ಸಿಕ್ಲೋರೋಕ್ವಿನ್, ಅದು ಕೊರೊನಾಗೆ ಔಷಧಿ ಅಂತ ಅಮೆರಿಕಾದಿಂದ ಸುದ್ದಿ ಬಂದು ಎಲ್ರೂ ಅದ್ರ ಹಿಂದೆ ಬಿದ್ರು. ಬೆಂಗ್ಳೂರಿಂದ ನಮ್ ಮೈದುನ ಫೋನ್ ಮಾಡಿ, ಅತ್ಗೆ ಇಲ್ಲಿ ಖಾಲಿ, ದಾವಣಗೆರೇಲಿ ಇದ್ರೆ ನಾಲ್ಕು ಸ್ಟ್ರಿಪ್ ತಗೊಂಡಿಡಿ ಅಂದ. ಹೋದೆ. ಡಬ್ಬಿ ನಂಗೆ ಕಾಣ್ತಾ ಇತ್ತು, ಮೇಲಿನ ಸಾಲಲ್ಲಿ. ಕೊಡಲ್ಲ ಅಂದ್ರು. ಹೆಚ್ಚಿಗೆ ದುಡ್ಡು ಕೊಡ್ತೀನಿ ಅಂದೆ (ಈಗ ಬರೀವಾಗ್ಲೂ ನಾಚ್ಕೆ ಆಗ್ತೈತೆ). ಅವ್ರು ಸಿಟ್ಟಾಗ್ಲಿಲ್ಲ, ಅದೇ ಆಶ್ಚರ್ಯ. ಮಾಯಕೊಂಡದಿಂದ ಒಬ್ಬ ಅಜ್ಜಿ ಬರ್ತಾಳವ್ವಾ, ಕೈ ಗೆಣ್ಣೆಲ್ಲಾ ಸೊಟ್ಟಗಾಗಿದಾವೆ, ಕೀಲುವಾತ, ಆಕಿ ಇದನ್ನ ದಿನಾ ತಗೊಂಡ್ರೇನೇ ಬೆಳಿಗ್ಗೆ ಸೀರೆ ಉಟ್ಕೊಳ್ಳೋಕಾಗೋದು, ನಾನು ನಿಂಗೆ ಕೊಟ್ರೆ ನೀನು ಬೀರುನಾಗಿಡ್ತೀಯ, ಆಕಿ ಬಸ್ ಹತ್ತಿ ಬಂದು ಖಾಲಿ ಕೈಲಿ ಹೋಗ್ತಾಳೆ. ಮತ್ತೆ ನಿಮ್ಮತ್ತೆಗೆ ಹೃದಯದ ತೊಂದ್ರೆ ಏನಾದ್ರೂ ಇದ್ರೆ ಈ ಮಾತ್ರೆ ಎದೆ ಬಡಿತಾನೇ ತಪ್ಪಿಸ್ಬಹುದು, ಗೊತ್ತೈತಾ? ನಂಗೆ ಗೊತ್ತಿರ್ಲಿಲ್ಲ. 26ನೇ ತಾರೀಕು ಸರ್ಕಾರನೂ ಚೀಟಿ ಇಲ್ದೆ ಕೊಡಂಗಿಲ್ಲ ಅಂತ ಬಿಗಿ ಮಾಡ್ತು, ಇವ್ರು ಮಾಡಿದ್ದು ಅದಕ್ಕಿಂತ ಎರಡು ಮೂರು ದಿನ ಮೊದ್ಲು. ಮೈದುನನಿಗೆ ಸಿಗ್ಲಿಲ್ಲ ಅಂತ ಸುಳ್ಳು ಹೇಳ್ದೆ. ಕೊರೊನಾಗೆ ಅದು ಕೆಲ್ಸಕ್ಕೆ ಬರಲ್ಲ ಅಂತ ಆಮೇಲೆ ದೊಡ್ಡ ದೊಡ್ಡ ಪರೀಕ್ಷೆ ಮಾಡಿದೋರೇ ಹೇಳಿದ್ರು.

ಇನ್ನೊಂದು ರಾತ್ರಿ ಮರೆಯಂಗಿಲ್ಲ. ಯುಗಾದಿ ದಿನಾನೇ ಲಾಕ್‌ಡೌನ್ ಶುರುವಾಗಿದ್ದು, ಬೇವು ಬೆಲ್ಲ ತಿಂದು ಬಾಗ್ಲು ಹಾಕ್ಕೊಂಡು ಕೂತ್ವಿ. ಇವ್ರ ಹತ್ರಾನೇ ತಗೊಂಡಿದ್ದ ಡಿಜಿಟಲ್ ಥರ್ಮಾಮೀಟರ್ರು ರಾತ್ರಿ ಒಂಬತ್ತಕ್ಕೆ ಅತ್ತೆ ನಾಲ್ಗೆ ಕೆಳಗಿಟ್ರೆ 100.8 ತೋರಿಸ್ತು. ನಮ್ಮನೆಯವ್ರು 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡೋಣ ಅಂತಾರೆ, ನಾನು ಅಳ್ತಿದೀನಿ, ಅತ್ತೆ ಮಾತ್ರ ನಂಗೇನೂ ಆಗಿಲ್ಲ ಕಣ್ರೇ ಅಂತ ಧಾರಾವಾಹಿ ನೋಡ್ತಾ ಕೂತಿದಾರೆ. ಬಿಲ್ಲಲ್ಲಿದ್ದ ನಂಬರಿಗೆ ಫೋನ್ ಮಾಡ್ದೆ. ಯಜಮಾನ್ರು ಎತ್ತಿ ಕೇಳಿದ್ದು ಒಂದೇ ಪ್ರಶ್ನೆ: ‘ಅಮ್ಮಾರು ಕಷಾಯ ಕುಡಿದ್ರಾ ಈಗ?’ ಕುಡಿದಿದ್ರು! ಶುಂಠಿ, ಮೆಣಸು, ಅಮೃತಬಳ್ಳಿ ಹಾಕಿ ಕುದಿಯೋ ಕುದಿಯೋದು ಒಂದು ಲೋಟ, ಐದು ನಿಮಿಷ ಆಗಿತ್ತಷ್ಟೇ. ಅರ್ಧ ತಾಸು ಬಿಟ್ಟು ನೋಡು ಅಂದ್ರು. ನೋಡಿದ್ರೆ 98.2. ಅತ್ತೆ ಇವತ್ತಿಗೂ ಆ ವಿಷ್ಯ ಬಂದ್ರೆ ನನ್ನ ಮುಖ ನೋಡಿ ನಗ್ತಾರೆ.

ಅಂಗಡಿ ಮುಂದೆ ಆಗ ಅವ್ರ ಮನೆಯವ್ರು ರಂಗೋಲಿ ಪುಡೀಲೇ ನಿಲ್ಲೋಕೆ ರೌಂಡು ಹಾಕಿದ್ರು, ಬೇರೆ ಕಡೆ ಸುಣ್ಣದ ಬರೀ ಗೆರೆ, ಇವ್ರು ಒಳಗೆ ಒಂದು ಎಳೆ ಬಳ್ಳಿ ಬಿಟ್ಟಿದ್ರು. ಅದನ್ನ ತುಳಿಯೋಕೆ ಮನಸ್ಸಾಗದೆ ಜನ ಅದ್ರ ಹೊರಗೇ ನಿಂತು ಮತ್ತೆ ಹತ್ರ ಹತ್ರಾನೇ ಬರೋರು!

ತಪ್ಪೂ ಹೇಳ್ಬೇಕಲ್ಲ. ಆರೋಗ್ಯವಾಗಿರೋರಿಗೆ ಮಾಸ್ಕ್ ಬೇಡ ಅಂತ ಇವ್ರು ಮಾರ್ಚಲ್ಲಿ ಹೇಳಿದ್ದು ಆಗಿನ ಲೆಕ್ಕಕ್ಕೆ ಸರಿ, ದೊಡ್ಡೋರೆಲ್ಲಾ ಹಂಗೇ ಹೇಳ್ತಿದ್ರು. ಏಪ್ರಿಲ್ ಮೊದಲ್ನೇ ವಾರ ಕೇಂದ್ರ ಸರ್ಕಾರದೋರು ಮನೇಲಿ ಹೊಲ್ದಿದ್ದಾದ್ರೂ ಸರಿ ಮುಖಕ್ಕೆ ಕಟ್ಕೊಳ್ರಿ ಅಂದ್ರು. ನಾನು ಬೇಕಂತ್ಲೇ ಹೋಗಿ ಕೇಳ್ದೆ, ಏನಣ್ಣಾ ಬೇಡ ಅಂದಿದ್ರಲ್ಲ. ‘ಆಗ ಗೊತ್ತಿದ್ದಿದ್ದು ಅಷ್ಟೇ ಕಣವ್ವಾ, ಈಗ ಹಾಕ್ಕೋ’ ಅಂದ್ರು. ಹಿಂದಿನ ಬೀದಿ ಹೆಣ್ಮಗಳು ಹೊಲ್ದಿದ್ದ ಕಾಟನ್ ಮಾಸ್ಕು ಇಟ್ಕೊಂಡಿದ್ರು, ತೊಳೆದ್ರೂ ಒಂದು ವರ್ಷ ಬಂತು ಅದು. ಹತ್ತಿ ಮಿಲ್ಲಿನ ಊರಲ್ಲಿ ನಾವು ನೀಲಿ ಪ್ಲಾಸ್ಟಿಕ್‌ಗೆ 40 ರೂಪಾಯಿ ಕೊಟ್ಟಿದ್ವಿ ನೋಡ್ರಿ.

ಈಗ 2025ರ ಜನವರಿ ವಿಷ್ಯ. 6ನೇ ತಾರೀಕು ಬೆಂಗ್ಳೂರಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ ಅಂತ ಟಿವಿಲಿ ಕೆಂಪಕ್ಷರದಲ್ಲಿ ಬರ್ತಿದ್ದಂಗೇ ನನ್ನ ಕೈಕಾಲು ತಣ್ಣಗಾಯ್ತು, ಯಾಕಂದ್ರೆ ನಮ್ ಮಗೂಗೆ ಹತ್ತು ತಿಂಗ್ಳು, ಮೂಗು ಸೋರ್ತಾ ಇತ್ತು ಬೇರೆ. ಓಡಿದೆ. ಕೂಸಿಗೆ ಸಣ್ಣ ಸೈಜ್ ಮಾಸ್ಕು, ಒಂದು ಆಂಟಿಬಯೋಟಿಕ್ ಸಿರಪ್ಪು, ಕೆಮ್ಮಿನ ಔಷಧಿ, ನೆಬ್ಯುಲೈಜರ್ ಮಿಷನ್ನು, ಪಟ್ಟಿ ಮಾಡ್ಕೊಂಡೇ ಹೋಗಿದ್ದೆ. ಯಜಮಾನ್ರಿಗೆ ಕೂದ್ಲು ಪೂರ್ತಿ ಬೆಳ್ಳಗಾಗಿದೆ, ಕನ್ನಡಕ ಅಲ್ಲೇ. ಎರಡು ವರ್ಷದೊಳಗಿನ ಕೂಸಿಗೆ ಮಾಸ್ಕ್ ಹಾಕ್ಬಾರ್ದು, ಉಸಿರು ಕಟ್ಟಿದ್ರೆ ಅದಕ್ಕೆ ತೆಗೆಯೋಕೂ ಬರಲ್ಲ, ಹೇಳೋಕೂ ಬರಲ್ಲ. ಆಂಟಿಬಯೋಟಿಕ್ ವೈರಸ್ಸಿಗೆ ಆಗಲ್ಲ. ಕೆಮ್ಮಿನ ಔಷಧಿ ಇಷ್ಟು ಸಣ್ಣ ಕೂಸಿಗೆ ಡಾಕ್ಟ್ರು ಬರೀದೆ ಕೊಡಲ್ಲ. ಮತ್ತೆ ಇದು ಹೊಸ ವೈರಸ್ಸೇ ಅಲ್ಲ, 2001ರಲ್ಲೇ ನೆದರ್‌ಲ್ಯಾಂಡಲ್ಲಿ ಕಂಡು ಹಿಡಿದಿದ್ದಾರೆ, ನಿಂಗೂ ಸಣ್ಣೋಳಿದ್ದಾಗ ಬಂದು ಹೋಗಿರುತ್ತೆ, ನೆಗಡಿ ಅಂದ್ಕೊಂಡಿರ್ತಾರೆ ನಿಮ್ಮವ್ವ. ಪೇಪರ್ ಓದೋದು ಸುಮ್ನೆ ಅಲ್ಲ ಅವ್ರು.

ಹೋದ್ಸಲದ್ದು ಅರ್ಧ ಬಾಟ್ಲಿ ಆಂಟಿಬಯೋಟಿಕ್ ಫ್ರಿಜ್ಜಲ್ಲಿದೆ, ಅದನ್ನೇ ಕೊಡ್ಲಾ ಅಂತ ಬಾಯಿ ತಪ್ಪಿ ಕೇಳ್ಬಿಟ್ಟೆ. ಆಗ ಕನ್ನಡಕ ಕೆಳಗೆ ಬಂತು. ನೀರು ಬೆರೆಸಿದ್ಮೇಲೆ ಹೆಚ್ಚಂದ್ರೆ ಒಂದು ವಾರ ಹತ್ತು ದಿನ, ಆಮೇಲೆ ಅದು ಔಷಧಿನೇ ಅಲ್ಲ, ಮನೀಗೆ ಹೋಗಿ ಮೊದ್ಲು ಅದನ್ನ ಬಿಸಾಕಿ ಫೋನ್ ಮಾಡು ಅಂತ ಇಡೀ ಬೀದಿಗೆ ಕೇಳೋಂಗೆ ಅಂದ್ರು. ಮಾಡ್ದೆ ಸ್ವಾಮಿ.

ಕೊಟ್ಟಿದ್ದು ಒಂದೇ, ಮೂಗಿಗೆ ಹಾಕೋ ಉಪ್ಪುನೀರಿನ ಡ್ರಾಪ್ಸು. ಹಾಲು ಕುಡಿಯೋದು ಬಿಟ್ರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳ್ಕೊಂಡ್ರೆ, ತುಟಿ ನೀಲಿ ಆದ್ರೆ ನನ್ನ ಹತ್ರ ಬರ್ಬೇಡ, ಚಿಗಟೇರಿ ಜಿಲ್ಲಾಸ್ಪತ್ರೆಗೋ ಬಾಪೂಜಿ ಮಕ್ಕಳ ಆಸ್ಪತ್ರೆಗೋ ನೇರ ಹೋಗು, ಅರ್ಧ ರಾತ್ರಿ ಆದ್ರೂ ಸರಿ ಅಂದ್ರು. ಮಗು ನಾಲ್ಕು ದಿನಕ್ಕೆ ಆರಾಮಾಯ್ತು. ಎಚ್‌ಎಂಪಿವಿನೋ ಬರೀ ನೆಗಡಿನೋ ದೇವ್ರಿಗೇ ಗೊತ್ತು.

ಒಂದು ಸ್ಟಾರ್ ಕಟ್ ಮಾಡಿದ್ದು ಎದುರಿಗೆ ನಿಂತಿರೋರ ಮುಂದೆ ಬೈತಾರಲ್ಲ ಅದಕ್ಕೆ, ಮೆಲ್ಲಗೆ ಹೇಳಿದ್ರೂ ಕೇಳ್ತೀವಿ ನಾವು. ಥರ್ಮಾಮೀಟರ್ ಸೆಲ್ಲು ಎರಡೇ ತಿಂಗ್ಳಿಗೆ ಹೋಯ್ತು, ಕೇಳಿದ್ರೆ ಗ್ಯಾರಂಟಿ ಇಲ್ಲ ಅಂದ್ರು. ಫೋನ್‌ಪೇ ಈಗ ಇಟ್ಟಿದಾರೆ, ಆ ಡಬ್ಬಿ ಜೋರಾಗಿ ಕೂಗುತ್ತೆ, ಆದ್ರೆ ಕ್ಯಾಷ್ ಕೊಟ್ರೆ ಚಿಲ್ಲರೆ ಬದ್ಲು ಇನ್ನೂ ಕೆಮ್ಮಿನ ಪೆಪ್ಪರಮಿಂಟೇ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆ ಶಟರ್ ಎಳೀತಾರೆ, ಭಾನುವಾರ ಅರ್ಧ ದಿನ. ಅರ್ಜೆಂಟಿದ್ರೆ ಪಕ್ಕದ ಸಂದೀಲಿ ಮನೆ ಬಾಗ್ಲು ಐತೆ, ತಟ್ರಿ, ಬೈಕೊಂಡೇ ಬರ್ತಾರೆ.