ಎಸ್‌ಕ್ಯೂಲೈಟ್ ಡಾಕ್ ಜಿಪ್: ಕಡತದ ಹೆಸರನ್ನೇ ನಂಬಬಹುದಾದ ಕೈಪಿಡಿ

ಇಂಟರ್ನೆಟ್ ಇಲ್ಲದ ಯಂತ್ರಕ್ಕೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶದ ಕೈಪಿಡಿ ಬೇಕಾದರೆ ಅದರ ಡೌನ್‌ಲೋಡ್ ಪುಟದ ಡಾಕ್ ಜಿಪ್ (ಇಡೀ ಕೈಪಿಡಿಯನ್ನು ಕಟ್ಟಿಟ್ಟ ಜಿಪ್ ಕಡತ) ಸಾಕು. ಒಳಗಿರುವುದು ಬರೀ ಎಚ್‌ಟಿಎಂಎಲ್ ಪುಟಗಳು. ಬಿಚ್ಚಿ ಬ್ರೌಸರ್‌ನಲ್ಲಿ ತೆರೆದರಾಯಿತು. ಆದರೆ ಇದಕ್ಕೆ ಪೂರ್ತಿ ಅಂಕ ಕೊಡಬೇಕಾದದ್ದು ಕಡತಕ್ಕೆ ಹೆಸರಿಟ್ಟ ರೀತಿಗೆ.

3.45.1ರ ಕೈಪಿಡಿ 'ಎಸ್‌ಕ್ಯೂಲೈಟ್-ಡಾಕ್-3450100.ಜಿಪ್'. ಮೊದಲು 3, ಆಮೇಲೆ ಎರಡೆರಡು ಅಂಕೆಯಂತೆ 45, 01. ಕೊನೆಯ 00 ಕವಲು ಬಿಡುಗಡೆಗೆ, ಅಂದರೆ ಒಂದು ಆವೃತ್ತಿಯಿಂದ ಕವಲೊಡೆದು ಬರುವ ಬಿಡುಗಡೆಗೆ, ಮೀಸಲು. ಸೊನ್ನೆ ತುಂಬಿದ್ದರಿಂದ ಹೆಸರಿನ ಪ್ರಕಾರ ಜೋಡಿಸಿದರೂ ಕಡತಗಳು ಆವೃತ್ತಿಯ ಕ್ರಮದಲ್ಲೇ ನಿಲ್ಲುತ್ತವೆ: 3.9.0 ಎಂದರೆ 3090000, 3.10.0 ಎಂದರೆ 3100000. ಚುಕ್ಕಿಯಿಟ್ಟ ಹೆಸರಾಗಿದ್ದರೆ 3.10 ಹೋಗಿ 3.9ಕ್ಕಿಂತ ಮೊದಲು ಕೂರುತ್ತಿತ್ತು; ಪಟ್ಟಿಯ ಕೊನೆಯ ಕಡತವನ್ನು ಎತ್ತಿಕೊಳ್ಳುವ ಸ್ಕ್ರಿಪ್ಟ್ ಹಳೆಯದನ್ನೇ ತರುತ್ತಿತ್ತು.

ಎಡವುವ ಜಾಗಗಳೂ ಇವೆ. ಎಸ್‌ಕ್ಯೂಲೈಟ್ ಲೈಬ್ರರಿಯನ್ನೇ (ಪ್ರೋಗ್ರಾಂಗಳು ಬಳಸುವ ಅದರ ಕೋಡ್) ಆವೃತ್ತಿ ಕೇಳಿದರೆ ಅದೇ 3.45.1ಕ್ಕೆ ಸಿಗುವ ಸಂಖ್ಯೆ 3045001. ಅಲ್ಲಿ ಭಾಗಕ್ಕೆ ಮೂರಂಕೆ, ಕಡತದಲ್ಲಿ ಎರಡಂಕೆ. ಒಂದನ್ನು ಇನ್ನೊಂದರ ಜಾಗದಲ್ಲಿ ಹಾಕಿದರೆ 404 (ಕಡತ ಸಿಗಲಿಲ್ಲವೆಂಬ ಉತ್ತರ) ಖಚಿತ. ಜೊತೆಗೆ ವಿಳಾಸದಲ್ಲಿ ವರ್ಷದ ಫೋಲ್ಡರ್ ಇರುತ್ತದೆ: 3.44.2 ಇರುವುದು 2023ರಲ್ಲಿ, 3.45.0 ಇರುವುದು 2024ರಲ್ಲಿ. ಹಾಗಾಗಿ ಆವೃತ್ತಿಯೊಂದರಿಂದಲೇ ವಿಳಾಸ ಕಟ್ಟಲು ಹೋಗಬೇಡಿ. ಡೌನ್‌ಲೋಡ್ ಪುಟದ ಎಚ್‌ಟಿಎಂಎಲ್ ಮೂಲವನ್ನು ತೆರೆದು ನೋಡಿ, ಸ್ಕ್ರಿಪ್ಟ್‌ಗಳಿಗೆಂದೇ ಒಂದು ಕಾಮೆಂಟ್ ಬರೆದಿಟ್ಟಿದ್ದಾರೆ: ಆವೃತ್ತಿ, ದಾರಿ, ಬೈಟ್ ಗಾತ್ರ, ಹ್ಯಾಶ್, ಎಲ್ಲವೂ ಅಲ್ಪವಿರಾಮ ಹಾಕಿದ ಸಾಲುಗಳಲ್ಲಿ. ಇಷ್ಟು ಕಾಳಜಿ ಬೇರೆ ಕಡೆ ಕಾಣುವುದು ಅಪರೂಪ. ಆ ಹ್ಯಾಶ್ (ಇಳಿಸಿದ ಕಡತ ಸರಿಯಿದೆಯೇ ಎಂದು ತಾಳೆ ನೋಡುವ ಗುರುತು) ಎಸ್‌ಎಚ್‌ಎ3-256. ಮಾಮೂಲಿ ಎಸ್‌ಎಚ್‌ಎ-256 ಲೆಕ್ಕ ಹಾಕಿ ತಾಳೆಯಾಗಲಿಲ್ಲವೆಂದು ಕಡತವನ್ನು ಅನುಮಾನಿಸಬೇಡಿ. ಹ್ಯಾಶ್ ಲೆಕ್ಕ ಹಾಕಬಲ್ಲ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ 1.1.1 ಅಥವಾ ಮುಂದಿನದರ ಡಿಜಿಎಸ್‌ಟಿ ಆದೇಶಕ್ಕೆ ಎಸ್‌ಎಚ್‌ಎ3-256 ಆಯ್ಕೆ ಕೊಟ್ಟರೆ ಸರಿಯಾದ ಉತ್ತರ ಬರುತ್ತದೆ.

ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ಕೈಪಿಡಿಯ ಕಟ್ಟು ಹಾಗಲ್ಲ. 'ಪೈಥಾನ್-3.13-ಡಾಕ್ಸ್-ಎಚ್‌ಟಿಎಂಎಲ್.ಜಿಪ್' ಎಂಬ ಹೆಸರು ಹಾಗೇ ಇರುತ್ತದೆ, ಒಳಗಿನದು ಆಗಾಗ ಹೊಸದಾಗಿ ಕಟ್ಟಲ್ಪಡುತ್ತದೆ. ತಿದ್ದುಪಡಿ ಬೇಗ ಕೈಗೆ ಬರುತ್ತದೆ, ನಿಜ. ಆದರೆ ಹೋದ ತಿಂಗಳ ಕಡತ, ಇಂದಿನ ಕಡತ ಹೆಸರಿನಲ್ಲಿ ಒಂದೇ. ಇಳಿಸಿದ ಕೂಡಲೇ ಹೆಸರಿಗೆ ದಿನಾಂಕ ಸೇರಿಸಿ. ಹಳೆಯ ಫೋಲ್ಡರ್ ಮೇಲೆ ಬಿಚ್ಚಬೇಡಿ. ತೆಗೆದುಹಾಕಿದ ಪುಟಗಳು ಅಲ್ಲೇ ಉಳಿದು ಹಳೆಯ ಮಾಹಿತಿ ಹೇಳುತ್ತವೆ. ಪೂರ್ತಿ ಆವೃತ್ತಿ ಬೇಕೆಂದರೆ ಮೊದಲ ಪುಟದ ಶೀರ್ಷಿಕೆ ನೋಡಿ.

ಪೋಸ್ಟ್‌ಗ್ರೆಸ್ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನ ಕೈಪಿಡಿಯ ಪಿಡಿಎಫ್ ಹೆಸರಿನಲ್ಲೂ 16ರಂಥ ಮುಖ್ಯ ಸಂಖ್ಯೆ, ಕಾಗದದ ಅಳತೆ ಇಷ್ಟೇ. 10ರಿಂದೀಚೆಗೆ ಮುಖ್ಯ ಆವೃತ್ತಿಗೆ ಒಂದೇ ಸಂಖ್ಯೆ; ಅದಕ್ಕೂ ಹಿಂದೆ 9.6 ಎಂಬುದೇ ಮುಖ್ಯ ಆವೃತ್ತಿ. 9.6ರಿಂದ 10ಕ್ಕೆ ಹೋಗುವುದನ್ನು, 16.1ರಿಂದ 16.2ಕ್ಕೆ ಹೋಗುವುದನ್ನು ಒಂದೇ ತೂಕದಲ್ಲಿ ನೋಡಬೇಡಿ.

ಎಸ್‌ಕ್ಯೂಲೈಟ್ ಜಿಪ್‌ನ ಒಂದೇ ಕೊರತೆ ಹುಡುಕಾಟ: ಆ ಪೆಟ್ಟಿಗೆ ಸರ್ವರ್ ಇಲ್ಲದೆ ಕೆಲಸ ಮಾಡುವುದಿಲ್ಲ. ಕೀವರ್ಡ್ ಸೂಚಿಯ ಪುಟವನ್ನು ಬುಕ್‌ಮಾರ್ಕ್ ಮಾಡಿಕೊಳ್ಳಿ, ಅಥವಾ ಫೋಲ್ಡರ್ ಮೇಲೆ ಗ್ರೆಪ್ (ಕಡತಗಳೊಳಗೆ ಪದ ಹುಡುಕುವ ಆದೇಶ) ಓಡಿಸಿ.