ಆಟಿಯ ಗಾಳಿಮಳೆಗೆ ಯಾವ ಕ್ಯಾಮೆರಾ ನಿಂತೀತು?

ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಕ್ಯಾಮೆರಾಕ್ಕೂ ರಜೆ ಎಂಬ ಕಾಲ ಹೋಯಿತು. ಈಗ ನಮ್ಮ ಕಾಸರಗೋಡಿನ ರಾಣಿಪುರದ ಹುಲ್ಲುಗುಡ್ಡ, ಪೊಸಡಿಗುಂಪೆಯ ಮಂಜು, ಬೇಕಲ ಕೋಟೆಯ ಬುರುಜಿನಿಂದ ಕಾಣುವ ಕಡಲು, ತುಂಬಿ ನಿಂತ ಅನಂತಪುರದ ಕೆರೆ ಎಲ್ಲವೂ ಮಳೆಯಲ್ಲೇ ಬೇಕು. ಮದುವೆಯವರಿಗೂ ಮಳೆಯ ಫೋಟೋ ಬೇಕು. ಅಂಗಡಿಯಲ್ಲಿ ವಿಚಾರಿಸಿದರೆ ‘ಇದು ವೆದರ್ ಸೀಲ್ಡ್, ಮಳೆಗೆ ಏನೂ ಆಗುವುದಿಲ್ಲ’ ಎನ್ನುತ್ತಾರೆ. ಆ ಮಾತನ್ನು ಅಷ್ಟಕ್ಕೇ ನಂಬಿ ದುಡ್ಡು ಕೊಡಬೇಡಿ. ‘ವೆದರ್ ಸೀಲ್ಡ್’ ಎಂಬುದಕ್ಕೆ ಯಾವ ಅಳತೆಗೋಲೂ ಇಲ್ಲ, ಪ್ರತಿ ಕಂಪನಿಯೂ ತನಗೆ ತೋಚಿದಂತೆ ಆ ಹೆಸರು ಕೊಡುತ್ತದೆ. ಅಳತೆ ಇರುವುದು ಧೂಳು, ನೀರು ತಡೆಯುವ ಮಟ್ಟ ಹೇಳುವ ಐಪಿ ಸಂಖ್ಯೆಗೆ ಮಾತ್ರ, ಅದನ್ನೂ ಓದುವ ಕ್ರಮ ಗೊತ್ತಿರಬೇಕು.

ಐಇಸಿ 60529 ಎಂಬ ಮಾನದಂಡದಲ್ಲಿ ಮೊದಲ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ನೀರಿನ ಅಂಕೆ 1 ಎಂದರೆ ನೇರ ಮೇಲಿನಿಂದ ನಿಮಿಷಕ್ಕೆ 1 ಮಿ.ಮೀ.ನಂತೆ 10 ನಿಮಿಷ ತೊಟ್ಟಿಕ್ಕುವ ನೀರು. 2 ಎಂದರೆ ನಿಮಿಷಕ್ಕೆ 3 ಮಿ.ಮೀ., ಕ್ಯಾಮೆರಾವನ್ನು 15 ಡಿಗ್ರಿ ಓರೆಮಾಡಿ. 3 ಇದ್ದರೆ ನೆತ್ತಿಯಿಂದ 60 ಡಿಗ್ರಿವರೆಗಿನ ಓರೆ ಸಿಂಪರಣೆ, 4 ಇದ್ದರೆ ಎಲ್ಲ ದಿಕ್ಕಿನ ಎರಚಲು. 7 ಬಂದರೆ ಮಾತ್ರ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಬಹುದು. ನಿಮಿಷಕ್ಕೆ 3 ಮಿ.ಮೀ. ಎಂದರೆ ಗಂಟೆಗೆ 180 ಮಿ.ಮೀ. ಆಯಿತು. ಹವಾಮಾನ ಇಲಾಖೆ 115.6ರಿಂದ 204.4 ಮಿ.ಮೀ. ಮಳೆ 24 ಗಂಟೆಯಲ್ಲಿ ಬಿದ್ದರೆ ಅದನ್ನು ಅತಿ ಭಾರಿ ಮಳೆ ಎನ್ನುತ್ತದೆ. ಹಾಗಾದರೆ ಪರೀಕ್ಷೆಯ ಮಳೆಯೇ ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗಿಂತ ಜೋರಲ್ಲವೇ? ಜೋರು ಹೌದು, ಆದರೆ ಹತ್ತೇ ನಿಮಿಷ. ಅದು ಸಿಹಿನೀರು, ಗಾಳಿಯಿಲ್ಲ, ಕ್ಯಾಮೆರಾ ಹೊಸತು, ಯಾರೂ ಝೂಮ್ ತಿರುಗಿಸುವುದಿಲ್ಲ, ಬ್ಯಾಟರಿ ಬದಲಿಸುವುದಿಲ್ಲ. ನಮ್ಮಲ್ಲಿ ಪಡುವಣದ ಕಡಲಿನಿಂದ ಓರೆಯಾಗಿ ಬೀಸುವ ಗಾಳಿಮಳೆ, ಅದರೊಳಗೆ ಉಪ್ಪು, ಎರಡು ಗಂಟೆ ಬಿಡದ ಕೆಲಸ. ಹಾಗಾಗಿ ಕರಾವಳಿಯಲ್ಲಿ 1 ಮತ್ತು 2ನ್ನು ‘ಹನಿಗೆ ಸಾಕು’ ಎಂದಷ್ಟೇ ತಿಳಿಯಬೇಕು. ಮಳೆಗೆ ಎಂದು ಹೇಳಬಹುದಾದದ್ದು 3ರಿಂದ ಮೇಲೆ.

ಕ್ಯಾನನ್ 1500ಡಿ, 3000ಡಿ, 200ಡಿ, ನಿಕಾನ್ ಡಿ3500, ಡಿ5600 ನಮ್ಮಲ್ಲಿ ಹಲವರ ಕೈಯಲ್ಲಿರುವ ಕ್ಯಾಮೆರಾಗಳು. ಇವಕ್ಕೆ ಸೀಲಿಂಗ್ ಇಲ್ಲ. ಮಿರರ್‌ಲೆಸ್‌ನಲ್ಲಿ ಕ್ಯಾನನ್ ಆರ್50, ಸೋನಿ ಝಡ್‌ವಿ-ಇ10 ಕೂಡ ಇದೇ ಸಾಲಿನವು. ನಾಲ್ಕು ಹನಿ ಬಿದ್ದ ಕೂಡಲೇ ಕೆಡುತ್ತವೆ ಎಂದಲ್ಲ, ಪ್ಲಾಸ್ಟಿಕ್ ಮೈ ಒಂದಿಷ್ಟು ನೀರನ್ನು ಜಾರಿಸಿಬಿಡುತ್ತದೆ. ನೀರು ನಿಲ್ಲುವುದು ಮಡಚುವ ಫ್ಲ್ಯಾಶಿನ ಸುತ್ತಲಿನ ಸಂದಿಯಲ್ಲಿ, ಮೋಡ್ ಡಯಲಿನ ಬುಡದಲ್ಲಿ, ಶಟರ್ ಬಟನ್ನಿನ ಸುತ್ತ. ಅಲ್ಲಿಂದ ಒಳಗಿಳಿದರೆ ಮೊದಲ ಲಕ್ಷಣ ಬಟನ್ನುಗಳದ್ದು. ಯಾರೂ ಒತ್ತದೆ ಮೆನು ತೆರೆಯುತ್ತದೆ, ಐಎಸ್‌ಒ ತಾನಾಗಿ ಏರುತ್ತದೆ. ಇದು ಕಂಡರೆ ಇನ್ನೊಂದೇ ಒಂದು ಫೋಟೋ ಎಂಬ ಆಸೆ ಬಿಡಿ, ಕೂಡಲೇ ಬ್ಯಾಟರಿ ತೆಗೆಯಿರಿ.

ಮಧ್ಯದ ಮಟ್ಟದಲ್ಲಿ ಕ್ಯಾನನ್ 90ಡಿ, ಆರ್7, ನಿಕಾನ್ ಡಿ7500, ಝಡ್6-3, ಸೋನಿ ಎ6700, ಫ್ಯೂಜಿಫಿಲ್ಮ್ ಎಕ್ಸ್-ಟಿ5 ಇವೆ. ಬಾಡಿ ಜೋಡಣೆಯ ಕಡೆಗಳಲ್ಲಿ ರಬ್ಬರ್, ಸ್ಪಂಜು ಕೂರಿಸಿರುತ್ತಾರೆ. ಆದರೆ ಬಾಡಿ ಕೊಂಡವರಲ್ಲಿ ಅನೇಕರು ಲೆನ್ಸಿನ ಹಿಂಭಾಗವನ್ನು ನೋಡುವುದೇ ಇಲ್ಲ. ಸೀಲ್ ಇರುವ ಲೆನ್ಸನ್ನು ಕಳಚಿ ತಿರುಗಿಸಿ ಹಿಡಿದರೆ ಲೋಹದ ಮೌಂಟಿನ ಹೊರ ಅಂಚಿನಲ್ಲಿ ಕೂದಲಿಗಿಂತ ಒಂದಿಷ್ಟು ದಪ್ಪ ಎನ್ನುವ ಕಪ್ಪು ರಬ್ಬರ್ ರಿಂಗ್ ತುಸು ಮೇಲೆದ್ದು ಕಾಣುತ್ತದೆ, ಉಗುರು ತಾಗಿಸಿದರೆ ಮೆತ್ತಗಿರುತ್ತದೆ. ಲೆನ್ಸ್ ಕೂರಿಸಿ ತಿರುಗಿಸುವಾಗ ಅದು ಬಾಡಿಯ ಲೋಹಕ್ಕೆ ಒತ್ತಿ ಕೂರುತ್ತದೆ. ಆ ರಿಂಗ್ ಇಲ್ಲದಿದ್ದರೆ ಬಾಡಿಗೆ ಎಷ್ಟೇ ಸೀಲ್ ಇದ್ದರೂ ನೀರಿಗೆ ಮೌಂಟಿನಲ್ಲೇ ದಾರಿ. ಆರ್7 ಜೊತೆಗೆ ಕಿಟ್ಟಾಗಿ ಬರುವ ಆರ್‌ಎಫ್-ಎಸ್ 18-150ಕ್ಕೆ ಆ ರಿಂಗ್ ಇಲ್ಲ. ಫ್ಯೂಜಿಯಲ್ಲಿ ಲೆನ್ಸಿನ ಹೆಸರಿನಲ್ಲೇ ಡಬ್ಲ್ಯೂಆರ್ ಎಂದಿರಬೇಕು. 16-80ಕ್ಕೆ ಅದಿದೆ, ಹಳೆಯ ಎಕ್ಸ್‌ಎಫ್ 18-55ಕ್ಕೆ ಇಲ್ಲ. ಎಕ್ಸ್100-6ರಲ್ಲಿ ಲೆನ್ಸ್ ಕಳಚುವಂತಿಲ್ಲ, ಆದರೂ ಮುಂಭಾಗ ಪೂರ್ತಿ ಮುಚ್ಚಲು ಅಡಾಪ್ಟರ್ ರಿಂಗ್ ಮತ್ತು 49 ಮಿ.ಮೀ. ಫಿಲ್ಟರ್ ಹಾಕಲೇಬೇಕು. ಕ್ಯಾನನ್ನಿನ 17-40 ಎಲ್‌ನಂಥ ಕೆಲವು ದುಬಾರಿ ಲೆನ್ಸುಗಳಿಗೂ ಮುಂದೆ ಫಿಲ್ಟರ್ ಹಾಕಿದರೇ ಸೀಲ್ ಪೂರ್ಣ. ಅಂಗಡಿಯಲ್ಲಿ ಬೆಲೆ ಮಾತಾಡುವ ಮೊದಲು ಲೆನ್ಸ್ ಕಳಚಿಸಿ ಹಿಂಭಾಗ ನೋಡಿ.

ಝೂಮ್ ತಿರುಗಿಸಿದಾಗ ಉದ್ದವಾಗುವ ಲೆನ್ಸ್ ಮಳೆಯಲ್ಲಿ ಇನ್ನೊಂದು ತೊಂದರೆ ಕೊಡುತ್ತದೆ. ಹೊರಬಂದ ಕೊಳವೆ ಒದ್ದೆಯಾಗುತ್ತದೆ, ಹಿಂದಕ್ಕೆ ಎಳೆದಾಗ ಆ ತೇವವೂ ಜೊತೆಗೇ ಒಳಹೋಗುತ್ತದೆ. ಹಿಂದಕ್ಕೆ ಎಳೆಯುವ ಮೊದಲು ಪ್ರತಿ ಸಲವೂ ಕೊಳವೆಯನ್ನು ಒರೆಸಬೇಕು. ಉದ್ದವಾಗದ 70-200 ಝೂಮ್ ಅಥವಾ ಝೂಮ್ ಇಲ್ಲದ ಫಿಕ್ಸ್‌ಡ್ ಲೆನ್ಸ್ ಇದ್ದರೆ ಮಳೆಗೆ ಅದೇ ಒಳ್ಳೆಯದು.

ಬಾಗಿಲುಗಳ ವಿಷಯಕ್ಕೆ ಬಂದರೆ, ಕುಕ್ಕರಿನ ಗ್ಯಾಸ್ಕೆಟ್ ಮೇಲೆ ಒಂದು ಅಗುಳು ಕೂತರೆ ಹಬೆ ಹೇಗೆ ಅಲ್ಲೇ ನುಗ್ಗುತ್ತದೆಯೋ ಬ್ಯಾಟರಿ ಬಾಗಿಲಿನ ರಬ್ಬರಿನ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಕೂತರೂ ಅದೇ ಗತಿ. ಮೈಕ್, ಯುಎಸ್‌ಬಿ ಕಿಂಡಿಗಳ ರಬ್ಬರ್ ಮುಚ್ಚಳ ವರ್ಷಗಳ ಬಳಕೆಯಲ್ಲಿ ಸೊಟ್ಟಗಾಗಿ ಸಡಿಲವಾಗುತ್ತದೆ. ಮೈಕ್ ಸಿಕ್ಕಿಸಿ ವಿಡಿಯೋ ಮಾಡುವಾಗಲಂತೂ ಆ ಮುಚ್ಚಳ ತೆರೆದೇ ಇರುತ್ತದೆ, ಹಾಗಾಗಿ ಮಳೆಯಲ್ಲಿ ವಿಡಿಯೋ ಎಂದಾದರೆ ಸೀಲಿಂಗಿನ ಲೆಕ್ಕವೇ ಬೇರೆ. ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗಕ್ಕೆ (ಫ್ಲ್ಯಾಶ್ ಶೂ) ಕೊಟ್ಟಿರುವ ಚಿಕ್ಕ ಪ್ಲಾಸ್ಟಿಕ್ ಮುಚ್ಚಳವನ್ನು ಬಿಸಾಡಬೇಡಿ, ಮಳೆಯಲ್ಲಿ ಅದು ಅಲ್ಲಿರಲೇಬೇಕು. ಕ್ಯಾಮೆರಾದ ತಳವನ್ನೂ ಗಮನಿಸಿ. ಮಳೆ ಮೇಲಿನಿಂದ ಬೀಳುತ್ತದೆ ನಿಜ, ಆದರೆ ಒದ್ದೆ ಕಟ್ಟೆಯ ಮೇಲೋ ಒದ್ದೆ ಟ್ರೈಪಾಡಿನ ಪ್ಲೇಟಿನ ಮೇಲೋ ಕೂರಿಸಿದರೆ ಬ್ಯಾಟರಿ ಬಾಗಿಲಿನ ಸಂದಿಗೆ ನೀರು ಕೆಳಗಿನಿಂದಲೇ ಹತ್ತುತ್ತದೆ.

ಐಪಿ ಸಂಖ್ಯೆ ಕೊಟ್ಟು ಮಾತಾಡುವವರಲ್ಲಿ ಓಎಂ ಸಿಸ್ಟಮ್ (ಹಿಂದಿನ ಒಲಿಂಪಸ್) ಮುಂದಿದೆ. ಓಎಂ-1 ಮತ್ತು ಓಎಂ-5 ಎರಡೂ ಐಪಿ53. ಜೊತೆಗೆ 12-40 ಪ್ರೊ-2 ಅಥವಾ 40-150 ಎಫ್4 ಪ್ರೊ ಲೆನ್ಸ್ ಹಾಕಿದರೆ ಲೆನ್ಸಿಗೂ ಅದೇ ಅಂಕೆ. ಗಾಳಿಮಳೆಯಲ್ಲಿ ನಿಂತು ಹಕ್ಕಿಯನ್ನೋ ತೋಟವನ್ನೋ ತೆಗೆಯುವವರಿಗೆ ನಮ್ಮ ಮೊದಲ ಆಯ್ಕೆ ಇದು. ಸೆನ್ಸರ್ ಚಿಕ್ಕದು, ರಾತ್ರಿಯ ದೊಂದಿ ಬೆಳಕಿನ ಭೂತಕೋಲಕ್ಕೆ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಷ್ಟು ಒದಗುವುದಿಲ್ಲ ಎಂಬುದೂ ಸತ್ಯ. ಲೈಕಾ ಎಸ್‌ಎಲ್3ಕ್ಕೆ ಐಪಿ54, ಕ್ಯೂ3ಕ್ಕೆ ಐಪಿ52 ಇದೆ, ಆ ಬೆಲೆ ಕೊಡುವವರಿಗೆ. ಯಾವುದನ್ನೇ ಕೊಳ್ಳುವ ಮೊದಲು ರಿಪೇರಿ ಮಂಗಳೂರಿನಲ್ಲೇ ಆಗುತ್ತದೆಯೋ ಕೊಚ್ಚಿಗೋ ಬೆಂಗಳೂರಿಗೋ ಕಳಿಸಬೇಕೋ ಕೇಳಿಕೊಳ್ಳಿ.

ನೀರಿಗೇ ಇಳಿಯುವವರಿಗೆ ಓಎಂ ಸಿಸ್ಟಮ್‌ನ ಟಫ್ ಟಿಜಿ-7. 15 ಮೀಟರ್ ಆಳ, 2.1 ಮೀಟರ್ ಎತ್ತರದಿಂದ ಬಿದ್ದರೂ ತಾಳುವ ಮೈ, ಎಫ್2ರ ಲೆನ್ಸ್, 12 ಮೆಗಾಪಿಕ್ಸೆಲ್. ಪಯಸ್ವಿನಿಯಲ್ಲಿ ದೋಣಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದೊಳಗಿನ ನೀರು, ಕೆಸರುಗದ್ದೆಯ ಆಟ ಇಂಥವಕ್ಕೆಲ್ಲ ಹೇಳಿಮಾಡಿಸಿದ್ದು, ಕೊಳೆಯಾದರೆ ನಳ್ಳಿಯ ನೀರಿನಲ್ಲೇ ತೊಳೆಯಬಹುದು. ಇದು ಹಾಳಾಗುವುದು ಎರಡು ಕಾರಣಕ್ಕೆ. ಒಂದು, ಬಾಗಿಲಿನ ಲಾಕ್ ಪೂರ್ತಿ ಕೂರದೆ ಅಥವಾ ರಬ್ಬರಿಗೆ ಕಸ ಸಿಕ್ಕಿ ನೀರು ನುಗ್ಗುವುದು. ಕಂಪನಿಯೇ ವರ್ಷಕ್ಕೊಮ್ಮೆ ಆ ರಬ್ಬರ್ ಬದಲಿಸಿ ಎನ್ನುತ್ತದೆ, ಬದಲಿಸುವವರು ಕಡಿಮೆ. ಇನ್ನೊಂದು, ಬಿಸಿಲಿಗೆ ಕಾದ ಕಾರಿನೊಳಗೆ ಇಟ್ಟಿದ್ದ ಕ್ಯಾಮೆರಾವನ್ನು ಹಾಗೆಯೇ ತಣ್ಣೀರಿಗೆ ಅದ್ದುವುದು. ಒಳಗಿನ ಗಾಳಿ ಒಮ್ಮೆಗೇ ಕುಗ್ಗಿ ಹೊರಗಿನ ನೀರನ್ನು ಸೆಳೆಯುತ್ತದೆ. ಹತ್ತು ನಿಮಿಷ ನೆರಳಿನಲ್ಲಿಟ್ಟು ಆಮೇಲೆ ಇಳಿಸಿ. ಗೋಪ್ರೊ 10 ಮೀಟರ್, ಡಿಜೆಐ ಓಸ್ಮೊ ಆ್ಯಕ್ಷನ್ 4 ಆದರೆ 18 ಮೀಟರ್, ಹೆಚ್ಚುವರಿ ಪೆಟ್ಟಿಗೆ ಬೇಡ. ಬಾಗಿಲು ಮುಚ್ಚಿದ ‘ಟಕ್’ ಶಬ್ದ ಕೇಳಿಸಿಕೊಳ್ಳಬೇಕು, ಅಷ್ಟೆ.

ಹಾಗಾದರೆ 1500ಡಿ ಇಟ್ಟುಕೊಂಡವರು ಏನು ಮಾಡಬೇಕು? ಬಾಡಿ ಬದಲಿಸಬೇಡಿ, ಕವರ್ ಮಾಡಿಕೊಳ್ಳಿ. ಒಳ್ಳೆಯ ಕವರ್ ಹಾಕಿದ 1500ಡಿ, ಬರಿಮೈಯ ವೆದರ್ ಸೀಲ್ಡ್ ಕ್ಯಾಮೆರಾಕ್ಕಿಂತ ಒಣಗಿರುತ್ತದೆ. ಒಂದು ಅಡಿ ಅಗಲ, ಒಂದೂವರೆ ಅಡಿ ಉದ್ದದ ದಪ್ಪ ಪಾಲಿಥೀನ್ ಚೀಲ ತೆಗೆದುಕೊಳ್ಳಿ. ಮುಚ್ಚಿದ ತುದಿಯಲ್ಲಿ ಲೆನ್ಸ್ ಹುಡ್ಡಿಗಿಂತ ಒಂದು ಬೆರಳಷ್ಟು ಚಿಕ್ಕ ತೂತು ಕತ್ತರಿಸಿ ಹುಡ್ಡಿನ ಮೇಲೆ ಎಳೆದು ಕೂರಿಸಿ, ಮೇಲೆ ಎರಡು ರಬ್ಬರ್ ಬ್ಯಾಂಡ್ ಸುತ್ತಿ. ಹಿಂದೆ, ಕಣ್ಣಿಟ್ಟು ನೋಡುವ ಕಿಂಡಿಯ ರಬ್ಬರ್ ಐಕಪ್ ಕಳಚಿ, ವ್ಯೂಫೈಂಡರಿನ ನೇರಕ್ಕೆ ಸಣ್ಣ ತೂತು ಮಾಡಿ, ಪ್ಲಾಸ್ಟಿಕ್ಕಿನ ಮೇಲಿನಿಂದಲೇ ಐಕಪ್ ಒತ್ತಿದರೆ ಅದು ಬಿಗಿಯಾಗಿ ನಿಲ್ಲುತ್ತದೆ. ತಳವನ್ನು ಮಾತ್ರ ಕಟ್ಟಬೇಡಿ. ಕೈಯ ಬೆವರು, ಉಸಿರಿನ ತೇವ ಹೊರಹೋಗದಿದ್ದರೆ ಚೀಲದೊಳಗೇ ಹನಿ ಕಟ್ಟುತ್ತದೆ. ಬೆನ್ನು ಮುಚ್ಚುವ ಎಲೆಯ ಗೊರಬು ಹೊದ್ದು ಭತ್ತದ ನೇಜಿ ನೆಡುವವರನ್ನು ನೋಡಿ, ಬೆನ್ನಿಗೆ ಮಳೆ ತಾಗದು, ಕೆಳಗಿನಿಂದ ಗಾಳಿಯಾಡುತ್ತದೆ. ಕ್ಯಾಮೆರಾಕ್ಕೂ ಬೇಕಾದ್ದು ಅದೇ ಏರ್ಪಾಡು. ಹುಡ್ ಯಾವಾಗಲೂ ಇರಲಿ. ಮಿರರ್‌ಲೆಸ್ ಆದರೆ ಟಚ್ ಸ್ಕ್ರೀನ್ ಆಫ್ ಮಾಡಿ, ಇಲ್ಲವಾದರೆ ಹನಿಗಳೇ ಫೋಕಸ್ ಬಿಂದು ಬದಲಿಸುತ್ತವೆ. ವ್ಯೂಫೈಂಡರಿಗೆ ಕಣ್ಣಿಟ್ಟದ್ದನ್ನು ಗುರುತಿಸುವ ಸೆನ್ಸರ್ ಮೇಲೆ ಹನಿ ಕೂತು ಸ್ಕ್ರೀನ್ ಕಪ್ಪಾದರೆ ಕ್ಯಾಮೆರಾ ಹಾಳಾಯಿತೆಂದು ಗಾಬರಿಯಾಗಬೇಡಿ, ಒರೆಸಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಮಳೆನೀರಿನ ಮಾತಾಯಿತು. ನಮ್ಮ ಕರಾವಳಿಯಲ್ಲಿ ಕ್ಯಾಮೆರಾವನ್ನು ಹೆಚ್ಚಾಗಿ ಕೊಲ್ಲುವುದು ಉಪ್ಪು. ಬೇಕಲದಲ್ಲೋ ಮಂಜೇಶ್ವರದ ಬಂದರಿನಲ್ಲೋ ಅರ್ಧ ಗಂಟೆ ನಿಂತರೆ ಒಂದು ಹನಿ ಬೀಳದಿದ್ದರೂ ಫಿಲ್ಟರಿನ ಮೇಲೆ ಮಂಕು ಪದರ ಕೂತಿರುತ್ತದೆ, ಅದು ಉಪ್ಪು. ಗಾಳಿಯ ತೇವಾಂಶ ಸುಮಾರು 75%ಕ್ಕಿಂತ ಮೇಲಿದ್ದರೆ ಅಡುಗೆಯುಪ್ಪು ಒಣಗುವುದಿಲ್ಲ, ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ಕಾಣದ ಅಡುಗೆಮನೆ ನಮ್ಮಲ್ಲಿ ಇಲ್ಲ. ಕ್ಯಾಮೆರಾದ ಸ್ಕ್ರೂ ತಲೆ, ಫ್ಲ್ಯಾಶ್ ಶೂ, ಬೆಲ್ಟಿನ ಕೊಂಡಿ, ಲೆನ್ಸಿನ ಸಂಪರ್ಕ ಪಿನ್ನುಗಳ ಮೇಲೆ ಕೂತ ಉಪ್ಪೂ ಹಾಗೆಯೇ ದಿನಗಟ್ಟಲೆ ಉಪ್ಪುನೀರಾಗಿಯೇ ಉಳಿಯುತ್ತದೆ. ಅದರ ಮೂಲಕ ಬ್ಯಾಟರಿಯ ವಿದ್ಯುತ್ತು ಹರಿದು ತಾಮ್ರವನ್ನು ತಿನ್ನುತ್ತದೆ, ಹಸಿರು ಕಿಲುಬು ಏಳುತ್ತದೆ. ಸೀಲ್ ಎಷ್ಟೇ ಗಟ್ಟಿಯಿದ್ದರೂ ಹೊರಗಿನ ಈ ಲೋಹದ ಭಾಗಗಳಿಗೆ ರಕ್ಷಣೆ ಇಲ್ಲ.

ಕಡಲತೀರದಿಂದ ಬಂದ ದಿನವೇ, ಚಹಾಕ್ಕೆ ಕೂರುವ ಮೊದಲು, ಕ್ಯಾಮೆರಾ ಆಫ್ ಮಾಡಿ. ಲೆನ್ಸ್ ಹಾಕಿರುವಂತೆಯೇ, ಬಾಗಿಲುಗಳು ಮುಚ್ಚಿರುವಂತೆಯೇ, ಕುಡಿಯುವ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಎರಡು ಸಲ ಒರೆಸಿ. ಬಟ್ಟೆ ತೊಳೆದು ಹಿಂಡಿ ಮೂರನೆಯ ಸಲ. ಆಮೇಲೆ ಒಣಬಟ್ಟೆ. ಟ್ರೈಪಾಡ್ ಸ್ಕ್ರೂ ತೂತಿಗೆ ಕಿವಿ ಶುಚಿಮಾಡುವ ಹತ್ತಿಕಡ್ಡಿ ಬಳಸಿ. ಫಿಲ್ಟರನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಮೊದಲು ಕಳಚಿ ನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಉಪ್ಪಿನ ಹರಳು, ಮರಳು ಗೀರುತ್ತವೆ. ಇಷ್ಟಾದ ಮೇಲೆ ಬ್ಯಾಟರಿ ಬಾಗಿಲು ತೆರೆಯಿರಿ. ಟಿಜಿ-7 ಆದರೆ ಬಾಗಿಲು ಮುಚ್ಚಿಯೇ ಸಿಹಿನೀರಿನ ಬಕೆಟಿನಲ್ಲಿ ಹತ್ತು ನಿಮಿಷ ಮುಳುಗಿಸಿ.

ನೀರು ಒಳಗೆ ಹೋಗಿದ್ದೇ ಆದರೆ ‘ಆನ್ ಆಗುತ್ತದೆಯೋ ನೋಡೋಣ’ ಎಂಬ ಒಂದು ಒತ್ತುವಿಕೆಯೇ ಬೋರ್ಡನ್ನು ಸುಡಬಹುದು. ಬ್ಯಾಟರಿ, ಕಾರ್ಡ್ ತೆಗೆಯಿರಿ, ಲೆನ್ಸ್ ಬೇರ್ಪಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಅರ್ಧ ಕಿಲೋ ಸಿಲಿಕಾ ಜೆಲ್ ಜೊತೆ ಎರಡು-ಮೂರು ದಿನ ಇಡಿ. ಅಕ್ಕಿಯಲ್ಲಿ ಹೂಳಿದರೆ ನೀರೇನೂ ಹೊರಬರುವುದಿಲ್ಲ, ಹಿಟ್ಟಿನ ಧೂಳು ಒಳಸೇರುತ್ತದೆ. ಹೇರ್ ಡ್ರೈಯರ್ ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಕಡಲ ನೀರಾಗಿದ್ದರೆ ಒಣಗಿಸುತ್ತ ಕಾಯಬೇಡಿ. ನೀರು ಆರಿದರೂ ಉಪ್ಪು ಒಳಗೇ ಉಳಿಯುತ್ತದೆ, ಅದೇ ದಿನ ಬಿಚ್ಚಿ ಶುಚಿ ಮಾಡುವವರ ಕೈಗೆ ಕೊಡಿ. ವಾರಂಟಿಯನ್ನು ನಂಬಿ ಕೂರಬೇಡಿ, ವೆದರ್ ಸೀಲ್ಡ್ ಎಂದು ಮಾರಿದ ಕ್ಯಾಮೆರಾಕ್ಕೂ ನೀರಿನ ಹಾನಿಯನ್ನು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಟ್ಟಿರುತ್ತಾರೆ.

ಮಳೆಗೆ ಹೋಗದಿದ್ದರೂ ನೀರು ಬಿಡುವುದಿಲ್ಲ. 27 ಡಿಗ್ರಿ ಸೆಕೆ, 90% ತೇವಾಂಶವಿರುವ ಗಾಳಿ 25 ಡಿಗ್ರಿಯ ವಸ್ತು ಮುಟ್ಟಿದರೆ ಸಾಕು, ಹನಿಗಟ್ಟುತ್ತದೆ. ಎಸಿ ಕಾರಿನಿಂದ 20 ಡಿಗ್ರಿಯ ಕ್ಯಾಮೆರಾ ಹೊರತೆಗೆದರೆ ಗಾಜು ಮಂಜಾಗುವುದು ಅದಕ್ಕೇ. ಹೊರಬರುವ ಮೊದಲು ಜಿಪ್ ಚೀಲಕ್ಕೆ ಹಾಕಿ, ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಮನೆಯಲ್ಲಿ ಕ್ಯಾಮೆರಾ ಬ್ಯಾಗನ್ನು ಕಪಾಟಿನಲ್ಲಿಟ್ಟರೆ ಆಟಿ ಮುಗಿಯುವುದರೊಳಗೆ ಲೆನ್ಸಿಗೆ ಬೂಷ್ಟು ಹಿಡಿದೀತು, ಬ್ಯಾಗಿನ ಸ್ಪಂಜೇ ತೇವದ ಗೂಡು. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವಾಂಶ ತೋರಿಸುವ ಒಂದು ಸಣ್ಣ ಹೈಗ್ರೋಮೀಟರ್, ಕಾಲು ಕಿಲೋ ಸಿಲಿಕಾ ಜೆಲ್. ಮುಳ್ಳು 40ರಿಂದ 50ರ ನಡುವೆ ನಿಲ್ಲಲಿ. 30ಕ್ಕಿಂತ ಕೆಳಗಿಳಿದು ದಿನಗಟ್ಟಲೆ ಹಾಗೆಯೇ ಇರುವುದು ರಬ್ಬರಿಗೂ ಗ್ರೀಸಿಗೂ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಪುನಃ ಕಿತ್ತಳೆಯಾಗುತ್ತದೆ. ಓವನ್ ಇಲ್ಲದವರು ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬಹುದು, ಆದರೆ ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ಹಾಕಿ.